ಉಪಗ್ರಹ ಚಿತ್ರದಲ್ಲಿ ನೆಲದ ಬದಲಾವಣೆ ಓದುವುದು ಹೇಗೆ? ಹಂತ ಹಂತವಾಗಿ ಒಂದು ಮಾರ್ಗದರ್ಶಿ

ಒಂದೇ ಜಾಗದ ಎರಡು ಉಪಗ್ರಹ ಚಿತ್ರಗಳಿವೆ ಅಂದುಕೊಳ್ಳಿ. ಹಳೆಯದರಲ್ಲಿ ಹಸಿರು, ಹೊಸದರಲ್ಲಿ ಕಂದು. "ಇಲ್ಲಿದ್ದ ಕಾಡು ಮಾಯ" ಎಂದು ಕೆಳಗೆ ಒಂದು ಸಾಲು ಬರೆದು ಹಂಚಿಬಿಡುವುದು ಸುಲಭ. ಆ ಸಾಲು ನಿಜವೂ ಇರಬಹುದು. ಆದರೆ ಹಳೆಯ ಚಿತ್ರ ಮಳೆ ಮುಗಿದ ಕೂಡಲೇ ತೆಗೆದದ್ದು, ಹೊಸದು ಒಣಗಾಲದ ಕೊನೆಯದ್ದು ಆಗಿದ್ದರೆ? ಮರಗಳು ಎಲೆ ಉದುರಿಸಿ ನಿಂತಿರಬಹುದು, ಅಷ್ಟೇ.

ಉಪಗ್ರಹ ಅಳೆಯುವುದು ನೆಲದಿಂದ ವಾಪಸ್ ಬಂದ ಬೆಳಕನ್ನು. ಆ ಬೆಳಕು ಬದಲಾಗಿದೆ ಅನ್ನುವುದರಿಂದ ನೆಲದ ಬಳಕೆಯೇ ಬದಲಾಗಿದೆ ಅನ್ನುವ ತನಕ ದಾರಿ ಉದ್ದ ಇದೆ. ನಡುವೆ ಋತು, ಮೋಡ, ಸೆನ್ಸರ್, ಸಾಫ್ಟ್‌ವೇರ್, ನಮ್ಮ ಅವಸರ ಎಲ್ಲವೂ ಅಡ್ಡ ಬರುತ್ತವೆ. ಹಾಗಾಗಿ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಾ ಹೋಗಬೇಕು: ಈ ವ್ಯತ್ಯಾಸಕ್ಕೆ ಬೇರೆ ಕಾರಣ ಇರಬಹುದೇ? ಇದನ್ನು ಕಲಿಯಲು ವಿಜ್ಞಾನಿಯೇ ಆಗಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಇಂಟರ್ನೆಟ್ ಮತ್ತು ತಾಳ್ಮೆ ಸಾಕು. ಇಲ್ಲಿ ಹೇಳುವ ಚಿತ್ರಗಳೆಲ್ಲ ಉಚಿತ.

ಹಂತ 1: ಮೊದಲು ಪ್ರಶ್ನೆಯನ್ನು ಬರೆದಿಡಿ

"ಈ ಪ್ರದೇಶ ಹೇಗೆ ಬದಲಾಗಿದೆ?" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. "ಈ ಕಣಿವೆಯ ಗಡಿಯೊಳಗೆ, 2016ರಿಂದ 2024ರ ನಡುವೆ, ಅರ್ಧ ಹೆಕ್ಟೇರ್‌ಗಿಂತ ದೊಡ್ಡದಾದ ಎಷ್ಟು ಮರಗಾಡು ಬೇಸಾಯದ ಭೂಮಿಯಾಗಿದೆ?" ಅಂತ ಕೇಳಿದರೆ ಸಿಗುತ್ತದೆ. ಗಡಿ ಯಾವುದು, ಕಾಲ ಯಾವುದು, ಯಾವುದನ್ನು ಬದಲಾವಣೆ ಎಂದು ಎಣಿಸುತ್ತೀರಿ, ಎಷ್ಟು ಚಿಕ್ಕದನ್ನು ಲೆಕ್ಕದಿಂದ ಬಿಡುತ್ತೀರಿ. ಈ ನಾಲ್ಕನ್ನೂ ಚಿತ್ರ ತೆರೆಯುವ ಮೊದಲೇ ಬರೆದಿಡಿ. ಚಿತ್ರ ನೋಡಿದ ಮೇಲೆ ಬರೆದರೆ ನಮಗೆ ಬೇಕಾದ ಉತ್ತರಕ್ಕೆ ತಕ್ಕಂತೆ ಪ್ರಶ್ನೆ ಬಾಗುತ್ತದೆ.

ಇಲ್ಲೇ ಇನ್ನೊಂದು ವಿಷಯ ಸ್ಪಷ್ಟವಾಗಬೇಕು. ನೆಲದ ಮೇಲೆ ಏನಿದೆ ಅನ್ನುವುದು ಹೊದಿಕೆ: ಮರ, ಹುಲ್ಲು, ನೀರು, ಕಾಂಕ್ರೀಟ್. ಜನ ಆ ನೆಲವನ್ನು ಯಾಕೆ ಬಳಸುತ್ತಾರೆ ಅನ್ನುವುದು ಬಳಕೆ. ಉಪಗ್ರಹಕ್ಕೆ ಕಾಣುವುದು ಹೊದಿಕೆ ಮಾತ್ರ. ಬಳಕೆಯನ್ನು ನಾವು ಊಹಿಸುತ್ತೇವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವ್ಯಾಖ್ಯಾನವನ್ನೇ ನೋಡಿ. ಅರ್ಧ ಹೆಕ್ಟೇರ್‌ಗಿಂತ ದೊಡ್ಡ ಜಾಗ, 5 ಮೀಟರ್‌ಗಿಂತ ಎತ್ತರದ ಮರಗಳು, ಶೇ 10ಕ್ಕಿಂತ ಜಾಸ್ತಿ ಜಾಗದ ಮೇಲೆ ಮರದ ಕೊಂಬೆ ಎಲೆಗಳ ಹೊದಿಕೆ ಇದ್ದರೆ ಅದು ಅರಣ್ಯ. ಮತ್ತೆ ಬೆಳೆಸಲೆಂದೇ ಕಡಿದು ಬೋಳಾದ ಜಾಗವೂ ಅವರ ಲೆಕ್ಕದಲ್ಲಿ ಅರಣ್ಯವೇ. ಆದರೆ ಎಣ್ಣೆ ತಾಳೆ ತೋಟ ಎಷ್ಟೇ ದಟ್ಟವಾಗಿದ್ದರೂ ಅರಣ್ಯ ಅಲ್ಲ. ಉಪಗ್ರಹದ ಕಣ್ಣಿಗೆ ಮಾತ್ರ ಮೊದಲನೆಯದು ಬೋಳು ನೆಲ, ಎರಡನೆಯದು ದಟ್ಟ ಮರ. ಕೋಕೋ ಗಿಡಗಳನ್ನು ದೊಡ್ಡ ಮರಗಳ ನೆರಳಲ್ಲಿ ನೆಟ್ಟರೆ ಬಳಕೆ ಪೂರ್ತಿ ಬದಲಾಗುತ್ತದೆ, ಮೇಲಿನಿಂದ ಏನೂ ಕಾಣುವುದಿಲ್ಲ.

ಹಂತ 2: ಯಾವ ಉಪಗ್ರಹ?

ಹಳೆಯ ಕಾಲಕ್ಕೆ ಹೋಗಬೇಕಾದರೆ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಸರಣಿಯೇ ಮುಖ್ಯ ದಾರಿ. ಮೊದಲ ಲ್ಯಾಂಡ್‌ಸ್ಯಾಟ್ 1972ರ ಜುಲೈನಲ್ಲಿ ಹಾರಿತು. 30 ಮೀಟರ್ ಪಿಕ್ಸೆಲ್‌ನ (ಅಂದರೆ ಚಿತ್ರದ ಒಂದೊಂದು ಚುಕ್ಕಿಯೂ ನೆಲದ ಮೇಲೆ 30 ಮೀಟರ್ ಬದಿಯ ಚೌಕ) ಚಿತ್ರಗಳು 1980ರ ದಶಕದಿಂದ ಸಿಗುತ್ತವೆ. 2008ರಲ್ಲಿ ಇಡೀ ಸಂಗ್ರಹವನ್ನು ಉಚಿತ ಮಾಡಿದ್ದು ಈ ಕ್ಷೇತ್ರದ ದೊಡ್ಡ ತಿರುವು. ಅಲ್ಲಿಯವರೆಗೆ ಎರಡು ಚಿತ್ರ ಕೊಂಡು ಹೋಲಿಸುತ್ತಿದ್ದವರು ಆಮೇಲೆ ಸಿಕ್ಕಷ್ಟನ್ನೂ ಸಾಲಾಗಿ ಇಟ್ಟು ನೋಡಲು ಶುರು ಮಾಡಿದರು. ಈಗ ಲ್ಯಾಂಡ್‌ಸ್ಯಾಟ್ 8 ಮತ್ತು 9 ಎರಡೂ ಸೇರಿ ಪ್ರತಿ 8 ದಿನಕ್ಕೊಮ್ಮೆ ಒಂದೇ ಜಾಗದ ಮೇಲೆ ಬರುತ್ತವೆ.

ಯುರೋಪಿನ ಸೆಂಟಿನೆಲ್-2 ಸರಣಿ 2015ರಲ್ಲಿ ಶುರುವಾಯಿತು. ಗೋಚರ ಬೆಳಕು ಮತ್ತು ಸಮೀಪದ ಇನ್‌ಫ್ರಾರೆಡ್‌ನಲ್ಲಿ (ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು) 10 ಮೀಟರ್ ಪಿಕ್ಸೆಲ್. ಎರಡು ಉಪಗ್ರಹ ಸೇರಿ 5 ದಿನಕ್ಕೊಮ್ಮೆ ಚಿತ್ರ. ನಿಮ್ಮ ಪ್ರಶ್ನೆ 2017ರ ನಂತರದ್ದಾದರೆ ಇದನ್ನೇ ಆರಿಸಿ.

ಗಾತ್ರದ ಲೆಕ್ಕ ಯಾವಾಗಲೂ ತಲೆಯಲ್ಲಿರಲಿ. 30 ಮೀಟರ್‌ನ ಒಂದು ಪಿಕ್ಸೆಲ್ ಅಂದರೆ 900 ಚದರ ಮೀಟರ್. ಒಂದು ಹೆಕ್ಟೇರ್‌ಗೆ ಸುಮಾರು 11 ಪಿಕ್ಸೆಲ್. 10 ಮೀಟರ್‌ನದ್ದಾದರೆ ಹೆಕ್ಟೇರ್‌ಗೆ 100. ಒಂಟಿ ಪಿಕ್ಸೆಲ್‌ನಲ್ಲಿ ಕಂಡ ಬದಲಾವಣೆಯನ್ನು ನಂಬಬೇಡಿ. ಅದರಲ್ಲಿ ಅರ್ಧ ಮನೆ, ಕಾಲು ಮರ, ಉಳಿದದ್ದು ರಸ್ತೆ ಇರಬಹುದು.

ಲ್ಯಾಂಡ್‌ಸ್ಯಾಟ್ 7ರ ಒಂದು ಭಾಗ 2003ರ ಮೇ 31ರಂದು ಕೆಟ್ಟುಹೋಯಿತು. ಅಲ್ಲಿಂದ ಮುಂದಿನ ಅದರ ಪ್ರತಿ ಚಿತ್ರದಲ್ಲೂ ಸುಮಾರು ಶೇ 22ರಷ್ಟು ಜಾಗ ಓರೆ ಪಟ್ಟೆಗಳಾಗಿ ಖಾಲಿ. ಆ ಪಟ್ಟೆಗಳನ್ನು ತುಂಬಿಸಿದ ಚಿತ್ರದಲ್ಲಿ ಸಮಾನಾಂತರ ಗೆರೆಗಳಂತೆ "ಬದಲಾವಣೆ" ಕಂಡರೆ ಗಾಬರಿ ಬೇಡ. ಅದು ನೆಲದ್ದಲ್ಲ.

ಹಂತ 3: ಋತುವಿಗೆ ಋತುವನ್ನೇ ಹೋಲಿಸಿ

ನನ್ನ ಪ್ರಕಾರ ಅತಿ ಹೆಚ್ಚು ತಪ್ಪು ತೀರ್ಮಾನಗಳು ಹುಟ್ಟುವುದು ಇಲ್ಲಿಯೇ. ಹೋಲಿಸುವ ಎರಡೂ ವರ್ಷಗಳಲ್ಲಿ ಒಂದೇ ತಿಂಗಳ ಚಿತ್ರ ತೆಗೆದುಕೊಳ್ಳಿ. ಅದಷ್ಟೇ ಸಾಲದು. ಮಳೆ ಒಂದು ವರ್ಷ ಬೇಗ ಬಂದು, ಇನ್ನೊಂದು ವರ್ಷ ತಡವಾದರೆ ಅದೇ ತಿಂಗಳಲ್ಲೂ ಹಸಿರು ಬೇರೆಯಾಗಿರುತ್ತದೆ. ಬರ ಬಿದ್ದ ವರ್ಷವನ್ನು ಒಳ್ಳೆ ಮಳೆಯ ವರ್ಷದ ಜೊತೆ ಇಟ್ಟರೆ ಯಾವ ಊರಾದರೂ ಮರುಭೂಮಿಯಾಗುತ್ತಿರುವಂತೆ ಕಾಣುತ್ತದೆ. ಒಂದೊಂದು ವರ್ಷದ ಬದಲು ಎರಡೂ ತುದಿಯಲ್ಲಿ ಎರಡು ಮೂರು ವರ್ಷಗಳ ಅದೇ ಋತುವನ್ನು ನೋಡಿದರೆ ಈ ಅಪಾಯ ಬಹಳ ಕಡಿಮೆ.

ಮೋಡವನ್ನು ತೆಗೆಯುವವರು ಅದರ ನೆರಳನ್ನು ಮರೆಯುತ್ತಾರೆ. ನೆರಳು ಬಿದ್ದ ಹೊಲ ನೀರಿನಂತೆ ಕಪ್ಪಗೆ ಕಾಣುತ್ತದೆ. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2 ಎರಡರಲ್ಲೂ ಮೋಡ ಮತ್ತು ನೆರಳನ್ನು ಗುರುತು ಮಾಡಿದ ಪದರ ಚಿತ್ರದ ಜೊತೆಗೇ ಬರುತ್ತದೆ. ಅದನ್ನು ಬಳಸಿ, ಆದರೆ ಕಣ್ಣಲ್ಲೂ ನೋಡಿ. ತೆಳು ಮೋಡ ಅದರಿಂದ ತಪ್ಪಿಸಿಕೊಳ್ಳುತ್ತದೆ. ಒಂದು ಋತುವಿನ ಎಲ್ಲ ಚಿತ್ರಗಳನ್ನು ಸೇರಿಸಿ, ಪ್ರತಿ ಪಿಕ್ಸೆಲ್‌ಗೂ ನಡುಬೆಲೆ (ಮೀಡಿಯನ್) ತೆಗೆದರೆ ಉಳಿದ ಮೋಡದ ಚೂರುಗಳು ಬಹುಪಾಲು ಬಿದ್ದುಹೋಗುತ್ತವೆ. ಉಪಗ್ರಹ ಚಿತ್ರಗಳನ್ನು ಇಂಟರ್ನೆಟ್‌ನಲ್ಲೇ ಸಂಸ್ಕರಿಸುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಇದು ಕೆಲವೇ ಸಾಲು ಕೋಡ್‌ನ ಕೆಲಸ.

ವರ್ಷವಿಡೀ ಮೋಡ ಕವಿದಿರುವ ಕಡೆ ಸೆಂಟಿನೆಲ್-1 ರಾಡಾರ್ ನೆರವಿಗೆ ಬರುತ್ತದೆ. ಅದು ಮೋಡದ ಮೂಲಕವೂ, ರಾತ್ರಿಯಲ್ಲೂ ನೋಡುತ್ತದೆ. ಆದರೆ ಮಣ್ಣು ಒದ್ದೆಯಾದರೂ ರಾಡಾರ್ ಅಳೆಯುವ ಬೆಲೆ ಬದಲಾಗುತ್ತದೆ. ಜೊತೆಗೆ ಉಪಗ್ರಹ ಉತ್ತರದಿಂದ ದಕ್ಷಿಣಕ್ಕೆ ಹೋಗುವಾಗ ತೆಗೆದ ಚಿತ್ರವನ್ನು, ದಕ್ಷಿಣದಿಂದ ಉತ್ತರಕ್ಕೆ ಹೋಗುವಾಗ ತೆಗೆದದ್ದರ ಜೊತೆ ಹೋಲಿಸಬೇಡಿ. ನೋಡುವ ದಿಕ್ಕೇ ಬೇರೆ.

ಹಂತ 4: ಸಂಖ್ಯೆಗಳು ಒಂದೇ ಅಳತೆಯಲ್ಲಿವೆಯೇ?

ವಾತಾವರಣದ ಪ್ರಭಾವ ತೆಗೆದ, ನೆಲದ ಪ್ರತಿಫಲನ ಎಂದು ಹೆಸರಿಸಿದ ದತ್ತಾಂಶವನ್ನೇ ಎರಡೂ ಕಾಲಕ್ಕೆ ಬಳಸಿ. ಇದು ಒಣ ಮಾತು ಅನ್ನಿಸಬಹುದು. ಒಂದು ಉದಾಹರಣೆ ಕೊಡುತ್ತೇನೆ.

2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರಗಳನ್ನು ಸಿದ್ಧಪಡಿಸುವ ವಿಧಾನ ಬದಲಾಯಿತು. ಪ್ರತಿ ಪಿಕ್ಸೆಲ್‌ನ ಸಂಖ್ಯೆಗೆ 1000 ಸೇರಿತು. ಬಳಸುವವರು ಅದನ್ನು ಕಳೆದುಕೊಳ್ಳಬೇಕು. ಕಳೆಯದಿದ್ದರೆ ಏನಾಗುತ್ತದೆ? ಒಂದು ಕಾಡಿನ ಪಿಕ್ಸೆಲ್‌ನಲ್ಲಿ ಕೆಂಪು 500, ಸಮೀಪದ ಇನ್‌ಫ್ರಾರೆಡ್ 3000 ಇದೆ ಅಂದುಕೊಳ್ಳಿ. ಹಸಿರಿನ ಸೂಚ್ಯಂಕ ಎನ್‌ಡಿವಿಐ ಅಂದರೆ ಈ ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸುವುದು. 2500ನ್ನು 3500ರಿಂದ ಭಾಗಿಸಿದರೆ 0.71. ಈಗ ಎರಡಕ್ಕೂ 1000 ಸೇರಿಸಿ. 1500 ಮತ್ತು 4000. ವ್ಯತ್ಯಾಸ ಅದೇ 2500, ಮೊತ್ತ ಮಾತ್ರ 5500. ಉತ್ತರ 0.45. ಒಂದು ಎಲೆಯೂ ಉದುರದೆ ದಟ್ಟ ಕಾಡು ಕುರುಚಲಾಯಿತು! ಹಳೆಯ ಚಿತ್ರಗಳನ್ನೂ ಹೊಸ ವಿಧಾನದಲ್ಲಿ ಮತ್ತೆ ಸಿದ್ಧಪಡಿಸಿರುವುದರಿಂದ ಚಿತ್ರದ ದಿನಾಂಕ ನೋಡಿದರೆ ಸಾಲದು. ಮೆಟಾಡೇಟಾದಲ್ಲಿ, ಅಂದರೆ ಚಿತ್ರದ ಜೊತೆ ಬರುವ ವಿವರಗಳಲ್ಲಿ, ಪ್ರೊಸೆಸಿಂಗ್ ಬೇಸ್‌ಲೈನ್ (ಸಿದ್ಧಪಡಿಸಿದ ವಿಧಾನದ ಆವೃತ್ತಿ) ಸಂಖ್ಯೆ ನೋಡಿ. 04.00 ಅಥವಾ ಅದಕ್ಕಿಂತ ಮೇಲಿದ್ದರೆ 1000 ಕಳೆಯಿರಿ. ಅರ್ಥ್ ಎಂಜಿನ್‌ನಲ್ಲಿ ಹಾರ್ಮನೈಸ್ಡ್ ಎಂಬ ಹೆಸರಿನ ಸಂಗ್ರಹ ಆರಿಸಿದರೆ ಈ ತಲೆನೋವಿಲ್ಲ.

ಎರಡು ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆಯೇ ಎಂದೂ ನೋಡಿ. ಒಂದು ಪಿಕ್ಸೆಲ್‌ನಷ್ಟು ಸರಿದರೂ ಪ್ರತಿ ರಸ್ತೆಯ, ಪ್ರತಿ ದಡದ ಅಂಚಿನಲ್ಲಿ ಬದಲಾವಣೆ ಕಾಣುತ್ತದೆ. ಅಂಚಿಗೆ ಅಂಟಿಕೊಂಡ ತೆಳು ಗೆರೆಗಳು, ಒಂದು ಬದಿಯಲ್ಲಿ ಹೆಚ್ಚಳ, ಎದುರು ಬದಿಯಲ್ಲಿ ಇಳಿಕೆ. ಈ ಗುರುತು ಸಿಕ್ಕರೆ ಚಿತ್ರ ಸರಿದಿದೆ ಎಂದೇ ಅರ್ಥ.

ಹಂತ 5: ಎರಡು ಚಿತ್ರ ಬಿಡಿ, ಸಾಲು ಚಿತ್ರ ನೋಡಿ

ಮೊದಲು ಕಣ್ಣಿನಿಂದ ನೋಡಿ. ಇನ್‌ಫ್ರಾರೆಡ್ ಬೆಳಕನ್ನು ಕೆಂಪಾಗಿ ತೋರಿಸುವ ಬಣ್ಣ ಸಂಯೋಜನೆಯಲ್ಲಿ ಆರೋಗ್ಯವಂತ ಸಸ್ಯಗಳು ಕಡುಗೆಂಪಾಗಿ ಎದ್ದು ಕಾಣುತ್ತವೆ. ಸೆಂಟಿನೆಲ್ ಚಿತ್ರಗಳನ್ನು ತೋರಿಸುವ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಏನೂ ಇಳಿಸಿಕೊಳ್ಳದೆಯೇ ಇದನ್ನು ನೋಡಬಹುದು. ಆಮೇಲೆ ಸೂಚ್ಯಂಕಗಳು. ಹಸಿರಿಗೆ ಎನ್‌ಡಿವಿಐ, ನೀರಿಗೆ ಎನ್‌ಡಿಡಬ್ಲ್ಯೂಐ, ಕಟ್ಟಡಕ್ಕೆ ಎನ್‌ಡಿಬಿಐ. ಇವುಗಳ ಮಿತಿಯೂ ಗೊತ್ತಿರಲಿ. ಎನ್‌ಡಿಬಿಐಗೆ ಒಣ ಬೋಳು ಮಣ್ಣು ಮತ್ತು ಕಟ್ಟಡ ಎರಡೂ ಹೆಚ್ಚುಕಡಿಮೆ ಒಂದೇ. ಎನ್‌ಡಿವಿಐ ದಟ್ಟ ಹಸಿರಿನಲ್ಲಿ ಒಂದು ಮಟ್ಟಕ್ಕೆ ಹೋಗಿ ನಿಂತುಬಿಡುತ್ತದೆ. ಹಳೆಯ ಕಾಡನ್ನು ಕಡಿದು ಒಂದೇ ಜಾತಿಯ ನೆಡುತೋಪು ಬೆಳೆಸಿದರೆ ಕೆಲವೇ ವರ್ಷಗಳಲ್ಲಿ ಸಂಖ್ಯೆ ಮೊದಲಿನಷ್ಟೇ ಆಗಬಹುದು. ಸಂಖ್ಯೆ ವಾಪಸ್ ಬಂದರೆ ಕಾಡು ವಾಪಸ್ ಬಂದಂತಲ್ಲ.

ಇಲ್ಲಿಂದ ಮುಂದೆ ಕಾಲಸರಣಿಯೇ ನಿಮ್ಮ ನಿಜವಾದ ಸಾಕ್ಷಿ. ಅನುಮಾನ ಬಂದ ಜಾಗದಲ್ಲಿ ಒಂದು ಬಿಂದು ಇಟ್ಟು, ಹತ್ತು ವರ್ಷಗಳ ಎನ್‌ಡಿವಿಐ ಬೆಲೆಗಳನ್ನು ದಿನಾಂಕದ ಪ್ರಕಾರ ಗೆರೆಯಾಗಿ ಎಳೆಯಿರಿ. ಆ ಗೆರೆಯ ಆಕಾರ ಬಹಳಷ್ಟು ಹೇಳುತ್ತದೆ. ಹೊಲವಾದರೆ ವರ್ಷಕ್ಕೆ ಒಂದೋ ಎರಡೋ ಸಲ ಏರಿ ಥಟ್ಟನೆ ಇಳಿಯುತ್ತದೆ, ಯಾಕೆಂದರೆ ಕೊಯ್ಲು ಕೆಲವೇ ದಿನಗಳ ಕೆಲಸ. ಎಲೆ ಉದುರಿಸುವ ಕಾಡು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ನಿತ್ಯಹರಿದ್ವರ್ಣ ಕಾಡಿನ ಗೆರೆ ವರ್ಷವಿಡೀ ಮೇಲೆಯೇ ಇರುತ್ತದೆ. ಬೆಂಕಿ ಬಿದ್ದರೆ ಕಡಿದಾದ ಇಳಿತ, ನಂತರ ವರ್ಷಗಟ್ಟಲೆ ಮೆಲ್ಲನೆ ಏರಿಕೆ. ಕಾಡು ಕಡಿದು ಹೊಲ ಮಾಡಿದ್ದರೆ ಇಳಿತದ ನಂತರ ಬೇಸಾಯದ ಏರಿಳಿತ ಶುರುವಾಗುತ್ತದೆ. ಕಟ್ಟಡ ಎದ್ದಿದ್ದರೆ ಗೆರೆ ಕೆಳಗೆ ಬಿದ್ದು ಅಲ್ಲೇ ಚಪ್ಪಟೆಯಾಗಿ ಉಳಿಯುತ್ತದೆ. ಬರವಾದರೆ ಆ ಸುತ್ತಲಿನ ಎಲ್ಲ ಬಿಂದುಗಳೂ ಒಟ್ಟಿಗೆ ಇಳಿದು, ಮುಂದಿನ ಒಳ್ಳೆ ಮಳೆಗೆ ಒಟ್ಟಿಗೆ ಏಳುತ್ತವೆ.

ನೋಡಿ, ಶುರುವಿನಲ್ಲಿ ಹೇಳಿದ ಎರಡು ಚಿತ್ರಗಳಲ್ಲಿ ಬೆಂಕಿ, ಬೇಸಾಯ, ಕಟ್ಟಡ, ಬರ ಈ ನಾಲ್ಕೂ ಘಟನೆಗಳು ಒಂದೇ ಥರ ಕಾಣುತ್ತಿದ್ದವು: ಮೊದಲು ಹಸಿರು, ಆಮೇಲೆ ಕಂದು. ಇಳಿತದ ನಂತರ ಏನಾಯಿತು ಅನ್ನುವುದರಲ್ಲೇ ಬಳಕೆಯ ಸುಳಿವು ಇರುವುದು. ಕನಿಷ್ಠ ಎರಡು ಬೆಳೆಕಾಲ ಕಳೆಯುವ ತನಕ "ಬಳಕೆ ಬದಲಾಗಿದೆ" ಎಂದು ಬರೆಯಬೇಡಿ ಅನ್ನುವುದು ನನ್ನ ಸಲಹೆ. ಇಂಥ ಮುರಿತಗಳನ್ನು ತಾನಾಗಿ ಹುಡುಕುವ ಲ್ಯಾಂಡ್‌ಟ್ರೆಂಡರ್, ಸಿಸಿಡಿಸಿ, ಬಿಫಾಸ್ಟ್ ಎಂಬ ವಿಧಾನಗಳಿವೆ. ಆದರೆ ಮೊದಲು ಒಂದಷ್ಟು ಗೆರೆಗಳನ್ನು ನೀವೇ ಓದಿ ಅಭ್ಯಾಸ ಮಾಡಿ. ಆಗ ಯಂತ್ರ ಎಲ್ಲಿ ಎಡವುತ್ತದೆ ಅನ್ನುವುದು ತಿಳಿಯುತ್ತದೆ.

ಹಂತ 6: ಸಿದ್ಧ ನಕ್ಷೆಗಳ ಬಗ್ಗೆ ಎಚ್ಚರ

ಸಿದ್ಧ ನಕ್ಷೆಗಳು ತುಂಬಾ ಉಪಯುಕ್ತ. ಆದರೆ ಸುಮ್ನೆ ಒಂದರಿಂದ ಇನ್ನೊಂದನ್ನು ಕಳೆದರೆ ಮೋಸ ಹೋಗುತ್ತೀರಿ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್ ನಕ್ಷೆ 2020 ಮತ್ತು 2021ಕ್ಕೆ ಇದೆ, 10 ಮೀಟರ್ ಪಿಕ್ಸೆಲ್‌ನಲ್ಲಿ. ಎರಡನ್ನೂ ಮಾಡಿದ ಅಲ್ಗಾರಿದಮ್ ಬೇರೆ ಬೇರೆ ಆವೃತ್ತಿಯದ್ದು. ಹಾಗಾಗಿ ಎರಡರ ನಡುವಿನ ವ್ಯತ್ಯಾಸದಲ್ಲಿ ನೆಲದ ಬದಲಾವಣೆ ಎಷ್ಟು, ವಿಧಾನದ ಬದಲಾವಣೆ ಎಷ್ಟು ಎಂದು ಬಿಡಿಸಲು ಆಗುವುದಿಲ್ಲ. ತಯಾರಿಸಿದವರೇ ಈ ಎಚ್ಚರಿಕೆ ಕೊಟ್ಟಿದ್ದಾರೆ.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾಗತಿಕ ನಕ್ಷೆ 2000ದ ನಂತರದ ಮರದ ಹೊದಿಕೆಯ ನಷ್ಟವನ್ನು ವರ್ಷವಾರು ತೋರಿಸುತ್ತದೆ. ಗ್ಲೋಬಲ್ ಫಾರೆಸ್ಟ್ ವಾಚ್ ಎಂಬ ಜಾಲತಾಣದಲ್ಲಿ ಕಾಣುವುದು ಇದೇ. ಅದರಲ್ಲಿ 5 ಮೀಟರ್‌ಗಿಂತ ಎತ್ತರದ ಸಸ್ಯವೆಲ್ಲ ಮರ. ನೆಡುತೋಪಿನ ಕಟಾವು, ಬೆಂಕಿ, ಬಿರುಗಾಳಿ, ನಿಜವಾದ ಅರಣ್ಯನಾಶ ಎಲ್ಲವೂ ಅದರಲ್ಲಿ ಒಂದೇ ಬಣ್ಣ. ಅದನ್ನು ಪೂರ್ತಿ ಅರಣ್ಯನಾಶ ಎಂದು ಬರೆಯುವುದು ತಪ್ಪು. ಅದರಲ್ಲಿ ಅರಣ್ಯನಾಶವೇ ಇಲ್ಲ ಅನ್ನುವುದೂ ಅಷ್ಟೇ ತಪ್ಪು.

ನೀವೇ ಎರಡು ನಕ್ಷೆ ಮಾಡಿ ಹೋಲಿಸುವಾಗಲೂ ಇದೇ ಕಷ್ಟ. ಎರಡೂ ಶೇ 85ರಷ್ಟು ಸರಿ ಇದ್ದು, ತಪ್ಪುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಿದ್ದಿದ್ದರೆ, ಎರಡರಲ್ಲೂ ಸರಿ ಇರುವ ಪಿಕ್ಸೆಲ್‌ಗಳು ಶೇ 72 ಮಾತ್ರ. ನಿಜವಾದ ಬದಲಾವಣೆ ಶೇ 5 ಇದ್ದರೆ ಅದು ತಪ್ಪುಗಳ ರಾಶಿಯಲ್ಲಿ ಮುಳುಗಿಹೋಗುತ್ತದೆ.

ಹಂತ 7: ಪಿಕ್ಸೆಲ್ ಎಣಿಸಬೇಡಿ, ಮಾದರಿ ತೆಗೆದು ಅಂದಾಜು ಮಾಡಿ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ.

ನಿಮ್ಮ ಪ್ರದೇಶ 10,000 ಹೆಕ್ಟೇರ್. ನಕ್ಷೆಯ ಪ್ರಕಾರ 500 ಹೆಕ್ಟೇರ್ ಬದಲಾಗಿದೆ, 9,500 ಬದಲಾಗಿಲ್ಲ. ಈಗ "ಬದಲಾಗಿದೆ" ಅನ್ನುವ ಭಾಗದಲ್ಲಿ 100 ಬಿಂದುಗಳನ್ನು, "ಬದಲಾಗಿಲ್ಲ" ಅನ್ನುವ ಭಾಗದಲ್ಲಿ 300 ಬಿಂದುಗಳನ್ನು ಯಾದೃಚ್ಛಿಕವಾಗಿ, ಅಂದರೆ ನಿಮ್ಮ ಇಷ್ಟಕ್ಕೆ ಬಿಡದೆ, ಕಂಪ್ಯೂಟರ್‌ನಿಂದಲೇ ಆರಿಸಿ. ಉಚಿತ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಇದಕ್ಕೆ ಸಾಧನ ಇದೆ. ಪ್ರತಿ ಬಿಂದುವನ್ನೂ ಗೂಗಲ್ ಅರ್ಥ್‌ನ ಹಳೆಯ ಸ್ಪಷ್ಟ ಚಿತ್ರಗಳಲ್ಲಿ, ಕಾಲಸರಣಿಯಲ್ಲಿ, ಸಾಧ್ಯವಾದರೆ ಸ್ಥಳಕ್ಕೇ ಹೋಗಿ ಪರೀಕ್ಷಿಸಿ. ಪರೀಕ್ಷಿಸುವಾಗ ನಕ್ಷೆಯ ಉತ್ತರ ನಿಮಗೆ ಕಾಣದಂತೆ ಮುಚ್ಚಿಡಿ. ಕಂಡರೆ ಕಣ್ಣು ಅದನ್ನೇ ಒಪ್ಪಿಕೊಳ್ಳುತ್ತದೆ.

100ರಲ್ಲಿ 80 ಬಿಂದುಗಳು ನಿಜಕ್ಕೂ ಬದಲಾಗಿದ್ದವು ಎಂದಿಟ್ಟುಕೊಳ್ಳಿ. ಅಂದರೆ 500ರಲ್ಲಿ 400 ಹೆಕ್ಟೇರ್ ನಿಜ. ಇನ್ನೊಂದು ಭಾಗದ 300ರಲ್ಲಿ 9 ಬಿಂದುಗಳನ್ನು ನಕ್ಷೆ ತಪ್ಪಿಸಿಕೊಂಡಿತ್ತು. ಶೇ 3 ಮಾತ್ರ. ಆದರೆ 9,500ರಲ್ಲಿ ಶೇ 3 ಅಂದರೆ 285 ಹೆಕ್ಟೇರ್! ಒಟ್ಟು ಬದಲಾವಣೆ 685 ಹೆಕ್ಟೇರ್, ನಕ್ಷೆ ಹೇಳಿದ 500 ಅಲ್ಲ. ಈ ನಕ್ಷೆಯ ಒಟ್ಟಾರೆ ನಿಖರತೆ ಲೆಕ್ಕ ಹಾಕಿದರೆ ಶೇ 96 ಬರುತ್ತದೆ. ಅಷ್ಟು ಒಳ್ಳೆಯ ಅಂಕ ಪಡೆದ ನಕ್ಷೆ ಕೂಡ ಬದಲಾವಣೆಯ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆ ಹೇಳಿತು.

ಅನಿಶ್ಚಿತತೆಯನ್ನೂ ಕೊಡಬೇಕು. ಪ್ರತಿ ಭಾಗಕ್ಕೂ ಹೀಗೆ ಮಾಡಿ: ಆ ಭಾಗ ಒಟ್ಟು ಪ್ರದೇಶದಲ್ಲಿ ಎಷ್ಟು ಪಾಲು ಅನ್ನುವುದರ ವರ್ಗ ತೆಗೆದುಕೊಳ್ಳಿ. ಬದಲಾದ ಬಿಂದುಗಳ ಪಾಲನ್ನು ಬದಲಾಗದ ಬಿಂದುಗಳ ಪಾಲಿನಿಂದ ಗುಣಿಸಿ, ಬಿಂದುಗಳ ಸಂಖ್ಯೆಯಲ್ಲಿ ಒಂದು ಕಳೆದು ಅದರಿಂದ ಭಾಗಿಸಿ. ಇವೆರಡನ್ನೂ ಗುಣಿಸಿ. ಎರಡೂ ಭಾಗಗಳ ಉತ್ತರ ಕೂಡಿಸಿ ವರ್ಗಮೂಲ ತೆಗೆಯಿರಿ. ಅದನ್ನು 1.96ರಿಂದ, ಆಮೇಲೆ 10,000ದಿಂದ ಗುಣಿಸಿದರೆ ಸುಮಾರು 188 ಬರುತ್ತದೆ. ಆದ್ದರಿಂದ ನೀವು ಬರೆಯಬೇಕಾದದ್ದು: 685 ಹೆಕ್ಟೇರ್, 188 ಹೆಚ್ಚು ಅಥವಾ ಕಡಿಮೆ, ಶೇ 95 ವಿಶ್ವಾಸದಲ್ಲಿ. ಇಷ್ಟು ಅಗಲದ ಅಂತರ ಬೇಡ ಅನ್ನಿಸಿದರೆ "ಬದಲಾಗಿಲ್ಲ" ಭಾಗದಲ್ಲಿ ಬಿಂದುಗಳನ್ನು ಹೆಚ್ಚಿಸಿ. ಅನಿಶ್ಚಿತತೆಯ ಬಹುಪಾಲು ಅಲ್ಲಿಂದಲೇ ಬಂದಿದೆ.

ನಿವ್ವಳ ಸಂಖ್ಯೆ ಒಂದನ್ನೇ ಕೊಟ್ಟು ಸುಮ್ಮನಾಗಬೇಡಿ. ಒಂದು ಕಡೆ 100 ಹೆಕ್ಟೇರ್ ಹಳೆಯ ಕಾಡು ಹೋಗಿ, ಇನ್ನೊಂದು ಕಡೆ 100 ಹೆಕ್ಟೇರ್ ಹೊಸ ನೆಡುತೋಪು ಬಂದರೆ ನಿವ್ವಳ ಸೊನ್ನೆ. ಹೋದದ್ದನ್ನೂ ಬಂದದ್ದನ್ನೂ ಬೇರೆ ಬೇರೆಯಾಗಿ ಹೇಳಿ.

ಹಂತ 8: "ಯಾಕೆ" ಅನ್ನುವ ಪ್ರಶ್ನೆ

ಬ್ರೆಜಿಲ್‌ನ ರೊಂಡೋನಿಯಾ ರಾಜ್ಯದ ಚಿತ್ರಗಳಲ್ಲಿ ಅರಣ್ಯನಾಶ ಮೀನಿನ ಮುಳ್ಳಿನ ಆಕಾರದಲ್ಲಿ ಹರಡಿದೆ. ಹೆದ್ದಾರಿ, ಅದರಿಂದ ಕವಲೊಡೆದ ರಸ್ತೆಗಳು, ಎರಡೂ ಬದಿ ಬೋಳಾದ ನೆಲ. ರಸ್ತೆಯೇ ಕಾರಣ ಅನ್ನಿಸುತ್ತದೆ, ಅಲ್ವಾ? ರಸ್ತೆಯ ಪಾತ್ರ ದೊಡ್ಡದು, ನಿಜ. ಆದರೆ ಅಲ್ಲಿ ಜನರನ್ನು ನೆಲೆಗೊಳಿಸುವ ಸರ್ಕಾರಿ ಯೋಜನೆ ಇತ್ತು. ರಸ್ತೆಯೂ ಬೇಸಾಯವೂ ಆ ಯೋಜನೆಯ ಭಾಗವಾಗಿಯೇ ಬಂದವು. ಚಿತ್ರದಲ್ಲಿ ಕಾಣುವುದು ರಸ್ತೆ ಮಾತ್ರ, ಯೋಜನೆ ಕಾಣುವುದಿಲ್ಲ. ಕಾರಣ ಚಿತ್ರದ ಚೌಕಟ್ಟಿನಿಂದ ಬಹು ದೂರವೂ ಇರಬಹುದು. ಮಧ್ಯ ಏಷ್ಯಾದ ಅರಲ್ ಸಮುದ್ರದ ದಡವನ್ನು ಎಷ್ಟು ನೋಡಿದರೂ ಅದು ಒಣಗಿದ್ದಕ್ಕೆ ಉತ್ತರ ಸಿಗುವುದಿಲ್ಲ. 1960ರ ದಶಕದಿಂದ ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರನ್ನು ಮೇಲ್ಭಾಗದಲ್ಲೇ ಹತ್ತಿ ಬೆಳೆಗೆ ತಿರುಗಿಸಿದ್ದೇ ಕಾರಣ.

ಹೋಲಿಕೆಯಲ್ಲೂ ಜಾಣತನ ಬೇಕು. ಸಂರಕ್ಷಿತ ಪ್ರದೇಶದ ಒಳಗೆ ನಾಶ ಕಡಿಮೆ, ಹೊರಗೆ ಜಾಸ್ತಿ ಎಂದು ಕಂಡರೆ ಸಂರಕ್ಷಣೆ ಗೆದ್ದಿತು ಎಂದು ಬರೆಯಲು ಮನಸ್ಸಾಗುತ್ತದೆ. ಆದರೆ ಇಂಥ ಪ್ರದೇಶಗಳನ್ನು ಜಗತ್ತಿನ ಬಹಳ ಕಡೆ ಎತ್ತರದ, ಕಡಿದಾದ, ದಾರಿಯಿಲ್ಲದ ಜಾಗಗಳಲ್ಲೇ ಗುರುತಿಸಿದ್ದಾರೆ. ಕಾಯ್ದೆ ಇಲ್ಲದಿದ್ದರೂ ಅಲ್ಲಿ ಕಡಿಯುವವರು ಕಡಿಮೆ ಇರುತ್ತಿದ್ದರು. ಹಾಗಾಗಿ ಅಷ್ಟೇ ಎತ್ತರ, ಅಷ್ಟೇ ಇಳಿಜಾರು, ರಸ್ತೆಯಿಂದ ಅಷ್ಟೇ ದೂರ ಇರುವ ಹೊರಗಿನ ಜಾಗವನ್ನು ಹುಡುಕಿ ಅದರ ಜೊತೆ ಹೋಲಿಸಿ. ಘೋಷಣೆಗೆ ಮೊದಲು ಎರಡೂ ಕಡೆ ನಾಶದ ವೇಗ ಒಂದೇ ಇತ್ತೇ ಎಂದೂ ನೋಡಿ.

ಕಾರಣ ತಿಳಿಯಲು ಎಲ್ಲಕ್ಕಿಂತ ಒಳ್ಳೆಯ ದಾರಿ ಅಲ್ಲಿ ಬದುಕುವವರ ಜೊತೆ ಮಾತಾಡುವುದು. ಹೊಲ ಯಾಕೆ ಪಾಳು ಬಿತ್ತು ಎಂದು ಅವರು ಹೇಳಬಲ್ಲರು, ಪಿಕ್ಸೆಲ್ ಹೇಳಲಾರದು. ಕಾನೂನಿನ ವಿಷಯವೂ ಹಾಗೇ. "ಅಕ್ರಮ" ಎಂಬ ಪದಕ್ಕೆ ಚಿತ್ರದಲ್ಲಿ ಸಾಕ್ಷಿ ಇರುವುದಿಲ್ಲ. ಅದಕ್ಕೆ ದಾಖಲೆ ಬೇಕು. ಒಂದು ಮಸುಕು ಚಿತ್ರದ ಬಲದಿಂದ ಯಾರದ್ದೋ ಜಮೀನಿನ ಮೇಲೆ ಆ ಮಾತು ಹೊರಿಸಿದರೆ ಅದರ ನೋವು ಒಂದು ಕುಟುಂಬದ ಮೇಲೆ ಬೀಳುತ್ತದೆ.

ಹಂತ 9: ಇನ್ನೊಬ್ಬರು ಮತ್ತೆ ಮಾಡಿ ನೋಡುವಂತೆ ಬರೆಯಿರಿ

ಬರೆಯುವಾಗ ಮೂರು ಮಾತುಗಳನ್ನು ಬೇರೆ ಬೇರೆ ಇಡಿ. ಬೆಳಕಿನಲ್ಲಿ ಏನು ಕಂಡಿತು, ಅದರಿಂದ ಯಾವ ಹೊದಿಕೆ ಎಂದು ತೀರ್ಮಾನಿಸಿದಿರಿ, ಬಳಕೆಯ ಬಗ್ಗೆ ಯಾವ ಆಧಾರದ ಮೇಲೆ ಊಹಿಸಿದಿರಿ. ಓದುವವರಿಗೆ ಮೂರನೆಯದರಲ್ಲಿ ಒಪ್ಪಿಗೆ ಇಲ್ಲದಿದ್ದರೂ ಮೊದಲ ಎರಡು ಉಪಯೋಗಕ್ಕೆ ಬರುತ್ತವೆ.

ಜೊತೆಗೆ ಪ್ರತಿ ಚಿತ್ರದ ಗುರುತು ಸಂಖ್ಯೆ ಮತ್ತು ದಿನಾಂಕ, ಬಳಸಿದ ಸಂಗ್ರಹದ ಹೆಸರು ಮತ್ತು ಆವೃತ್ತಿ, ಮೋಡ ತೆಗೆದ ವಿಧಾನ, ನಿಮ್ಮ ಗಡಿಯ ಕಡತ, ಪರೀಕ್ಷಿಸಿದ 400 ಬಿಂದುಗಳ ಪಟ್ಟಿ ಎಲ್ಲವನ್ನೂ ಒಂದು ಫೋಲ್ಡರ್‌ನಲ್ಲಿ ಹಾಕಿ ಫಲಿತಾಂಶದ ಜೊತೆಗೇ ಹಂಚಿ. ಯಾವ ಬಿಂದುವಿನಲ್ಲಿ ನಿಮಗೆ ಗೊಂದಲವಾಯಿತೋ ಅದರ ಮುಂದೆ ಹಾಗೆಂದೇ ಬರೆಯಿರಿ. ಮುಂದೆ ಯಾರಾದರೂ ಆ ಜಾಗಕ್ಕೆ ಹೋಗುವವರಿದ್ದರೆ ಮೊದಲು ನೋಡಬೇಕಾದದ್ದು ಆ ಬಿಂದುಗಳನ್ನೇ.